ಹಾವು ಹಿಡಿಯೋನಿಗೆ ಬರೀ ಥ್ಯಾಂಕ್ಸ್ ಸಾಕಾ?

ಬಾತ್‌ರೂಮಿನ ನಲ್ಲಿ ಸೋರ್ತಾ ಇದ್ರೆ ಪ್ಲಂಬರ್‌ನ ಕರೀತೀವಿ. ಬರ್ತಾನೆ, ಹತ್ತು ನಿಮಿಷ ಸ್ಪ್ಯಾನರ್ ತಿರುಗಿಸ್ತಾನೆ, ಐನೂರು ಅಂತಾನೆ. ಗೊಣಗಿಕೊಂಡಾದ್ರೂ ಕೊಡ್ತೀವಿ. ಅದೇ ಬಾತ್‌ರೂಮಿನಲ್ಲಿ ಬಕೆಟ್ ಹಿಂದೆ ನಾಗರಹಾವು ಹೆಡೆ ಎತ್ತಿ ನಿಂತ್ರೆ? ಆಗಲೂ ಒಬ್ಬ ಹುಡುಗನಿಗೆ ಫೋನ್ ಮಾಡ್ತೀವಿ. ರಾತ್ರಿ ಹನ್ನೊಂದಕ್ಕೆ ತಟ್ಟೆ ಬಿಟ್ಟೆದ್ದು ಬೈಕ್ ಹತ್ತಿ ಬರ್ತಾನೆ. ಹಾವನ್ನು ಹಿಡಿದು ಚೀಲಕ್ಕೆ ಹಾಕ್ತಾನೆ. ನಾವೇನ್ ಕೊಡ್ತೀವಿ? ಒಂದು ಲೋಟ ನೀರು, ಒಂದು ಸೆಲ್ಫಿ. ಬಹಳ ಉದಾರಿಗಳಾದ್ರೆ ಪೆಟ್ರೋಲ್‌ಗೆ ಅಂತ ನೂರು ರೂಪಾಯಿ.

ಇದನ್ನ ಸಮಾಜಸೇವೆ ಅಂತ ಕರೆದು ಕೈ ತೊಳ್ಕೊಂಡಿದ್ದೀವಿ. ಇದು ಸೇವೆಯಲ್ಲ ಸ್ವಾಮಿ, ಕೆಲಸ. ಕಲಿತು ಮಾಡಬೇಕಾದ, ಕೂಲಿ ಸಿಗಬೇಕಾದ, ವಿಮೆ ಇರಬೇಕಾದ ಕೆಲಸ.

ಕೋಲಾರದಿಂದ ಚಿಂತಾಮಣಿ ಕಡೆ ಹೊರಟರೆ ಕ್ಯಾಲನೂರು ಸಿಗುತ್ತೆ. ಆ ಭಾಗದ ಯಾವುದೇ ಊರಿನಲ್ಲಿ ಒಂದು ಮನೆಯ ಹಿತ್ತಲಿಗೆ ಹೋಗಿ ನೋಡಿ. ಟೊಮೆಟೊ ತೋಟದಿಂದ ಕಿತ್ತು ತಂದ ಕಡ್ಡಿಗಳ ರಾಶಿ, ಖಾಲಿ ಕ್ರೇಟು, ರಾಗಿ ಹುಲ್ಲಿನ ಮೆದೆ, ಪಕ್ಕದಲ್ಲೇ ರೇಷ್ಮೆ ಹುಳುವಿನ ಮನೆ. ಇಲಿಗೆ ಇದಕ್ಕಿಂತ ಒಳ್ಳೇ ಲಾಡ್ಜ್ ಬೇಕಾ? ಇಲಿ ಇದ್ದ ಮೇಲೆ ಹಾವು ಬರದೇ ಇರುತ್ತಾ? ಇನ್ನು ಕೋಲಾರದ ಅಂಚಿನ ಹೊಸ ಬಡಾವಣೆಗಳದ್ದು ಬೇರೆ ಕಥೆ. ಒಂದು ಸೈಟಿನಲ್ಲಿ ಎರಡಂತಸ್ತಿನ ಮನೆ, ಪಕ್ಕದ ಮೂರು ಸೈಟಿನಲ್ಲಿ ಆಳೆತ್ತರದ ಲಾಂಟಾನ, ಒಡೆದ ಇಟ್ಟಿಗೆ, ಕೋಳಿ ಅಂಗಡಿಯವರು ಕತ್ತಲಲ್ಲಿ ಎಸೆದು ಹೋದ ಚೀಲ. ಸೈಟಿನ ಮಾಲೀಕ ಬೆಂಗಳೂರಲ್ಲಿ ಕೂತು ರೇಟ್ ಏರೋದನ್ನ ಕಾಯ್ತಿರ್ತಾನೆ. ಈ ಕಡೆ ಅಡುಗೆಮನೆಯಿಂದ ಅಜ್ಜಿ 'ಪಾಮು, ಪಾಮು' ಅಂತ ಕಿರುಚ್ತಾರೆ. ಕೋಲಾರ ಅಲ್ವಾ, ಗಾಬರಿಯಾದಾಗ ಮೊದಲು ಬಾಯಿಗೆ ಬರೋದು ತೆಲುಗೇ.

ಭಾರತದಲ್ಲಿ ಹೆಚ್ಚು ಜನರನ್ನು ಕೊಲ್ಲುವುದು ನಾಲ್ಕು ಹಾವುಗಳು. ನಾಗರಹಾವು, ಕೊಳಕುಮಂಡಲ, ಗರಗಸ ಮಂಡಲ, ಕಟ್ಟುಹಾವು. ನಾಗರ ಬುಸುಗುಟ್ಟಿ ಎಚ್ಚರಿಸುತ್ತೆ. ಕಟ್ಟುಹಾವು ಹಾಗಲ್ಲ. ರಾತ್ರಿ ಬರುತ್ತೆ, ನೆಲದ ಮೇಲೆ ಚಾಪೆ ಹಾಸಿ ಮಲಗಿದವರಿಗೆ ಕಚ್ಚುತ್ತೆ. ನೋವೂ ಕಡಿಮೆ, ಗುರುತೂ ಕಾಣಲ್ಲ. ಬೆಳಗಿನ ಜಾವ ಹೊಟ್ಟೆನೋವು ಅಂತಾರೆ, ರೆಪ್ಪೆ ಜೋತುಬೀಳುತ್ತೆ, ಆಮೇಲೆ ಉಸಿರೇ ಬರಲ್ಲ. ಇಂಥವರನ್ನ ಮಂತ್ರ ಹಾಕ್ಸೋಕೆ ಕರ್ಕೊಂಡು ಹೋಗಿ ಒಂದು ಗಂಟೆ ಕಳೆದ್ರೆ ಹೋಯ್ತು. ಕಟ್ಟಬೇಡಿ, ಕುಯ್ಯಬೇಡಿ, ಬಾಯಿಂದ ಹೀರಬೇಡಿ. ನಡೆಸಲೂಬೇಡಿ. ಕೈಕಾಲು ಅಲುಗಾಡದಂತೆ ಇಟ್ಟು ನೇರ ಆಸ್ಪತ್ರೆಗೆ ಹೋಗಿ.

2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತ ಭಾರತೀಯರ ಸಂಖ್ಯೆ ಸುಮಾರು 12 ಲಕ್ಷ ಅಂತ 2020ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜು. ವರ್ಷಕ್ಕೆ 58 ಸಾವಿರ! ನಮ್ಮ ರಾಜ್ಯ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಅಂತ ಘೋಷಿಸಿತು. ಒಳ್ಳೇದು, ಮೆಚ್ಚಲೇಬೇಕು. ಹಾವು ಕಚ್ಚಿ ರೈತ ಸತ್ತರೆ ಕುಟುಂಬಕ್ಕೆ 2 ಲಕ್ಷ ರೂಪಾಯಿ ಪರಿಹಾರವೂ ಇದೆ. ಆದರೆ ಕಚ್ಚೋಕೆ ಮೊದಲೇ ಬಂದು ಹಾವು ಹಿಡಿದವನಿಗೆ? ಸತ್ತ ಮೇಲೆ ಲೆಕ್ಕ ಇಡೋ ವ್ಯವಸ್ಥೆಗೆ, ಸಾಯದಂತೆ ನೋಡ್ಕೊಂಡವನ ಲೆಕ್ಕ ಬೇಡ್ವಾ?

ಕಾನೂನು ಇನ್ನೂ ವಿಚಿತ್ರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಪ್ರಾಣಿಯನ್ನು ಹಿಡಿಯುವುದೂ ಬೇಟೆಯೇ. ತಿದ್ದುಪಡಿ ಜಾರಿಯಾದ 2023ರಿಂದ ನಾಗರಹಾವು, ಕೊಳಕುಮಂಡಲ ಎರಡೂ ಮೊದಲನೇ ಪಟ್ಟಿಯಲ್ಲಿವೆ. ಅಂದ್ರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ನಿಮ್ಮನೆಗೆ ಬಂದ ಹುಡುಗ ಕಾಗದದ ಮೇಲೆ ಅಪರಾಧಿ. ನಮಗೆ ದೇವರಂಥೋನು, ಕಾಯ್ದೆಗೆ ಆರೋಪಿ.

ಹಾವು ಹಿಡಿಯುವುದನ್ನು ಗೌರವದ ದುಡಿಮೆ ಮಾಡಿ ತೋರಿಸಿದವರು ದೂರ ಇಲ್ಲ. ಚೆನ್ನೈ ಹತ್ತಿರದ ವಡನೆಮ್ಮೇಲಿಯಲ್ಲಿ ಇರುಳ ಸಮುದಾಯದ ಸಹಕಾರ ಸಂಘ 1978ರಿಂದ ಇದೆ. ಲೈಸೆನ್ಸ್ ಪಡೆದು ಹಾವು ಹಿಡೀತಾರೆ, ವಿಷ ತೆಗೆದು ಹಾವನ್ನು ಮತ್ತೆ ಬಿಡ್ತಾರೆ. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಕೊಡುವ ಔಷಧಿಗೆ ಬಹುಪಾಲು ವಿಷ ಹೋಗೋದು ಅಲ್ಲಿಂದಲೇ. ಅವರಲ್ಲಿ ಇಬ್ಬರು, ಮಾಸಿ ಸಡೈಯನ್ ಮತ್ತು ವಡಿವೇಲ್ ಗೋಪಾಲ್, 2017ರಲ್ಲಿ ಅಮೆರಿಕದ ಫ್ಲಾರಿಡಾಕ್ಕೆ ಹೋಗಿ ಅಲ್ಲಿನವರಿಗೆ ಕಣ್ಣಿಗೇ ಬೀಳದ ಹೆಬ್ಬಾವುಗಳನ್ನು ಹುಡುಕಿ ಹಿಡಿದುಕೊಟ್ಟರು. 2023ರಲ್ಲಿ ಇಬ್ಬರಿಗೂ ಪದ್ಮಶ್ರೀ ಬಂತು.

ಕೇರಳದಲ್ಲಿ ಅರಣ್ಯ ಇಲಾಖೆಯೇ ತರಬೇತಿ ಕೊಟ್ಟು ಪ್ರಮಾಣಪತ್ರ ಕೊಡುತ್ತೆ. 'ಸರ್ಪ' ಅನ್ನೋ ಆ್ಯಪ್ ಒತ್ತಿದ್ರೆ ಹತ್ತಿರದ ಅಧಿಕೃತ ವ್ಯಕ್ತಿಯ ನಂಬರ್ ಸಿಗುತ್ತೆ. ಅದೇ ಕೇರಳದಲ್ಲಿ 2022ರ ಜನವರಿ 31ರಂದು, ಸಾವಿರಾರು ಹಾವು ಹಿಡಿದ ವಾವಾ ಸುರೇಶ್ ಅವರಿಗೆ ಕೊಟ್ಟಾಯಂ ಜಿಲ್ಲೆಯಲ್ಲಿ ನಾಗರಹಾವು ಕಚ್ಚಿತು. ಹಿಡಿದ ಹಾವನ್ನು ಚೀಲಕ್ಕೆ ಹಾಕುವಾಗ, ಕ್ಯಾಮೆರಾ ಎದುರಿಗೇ. ಬದುಕಿಬಂದರು, ಪುಣ್ಯ. ಅವರಿಗೇ ಹಾಗಾದ್ರೆ ಯೂಟ್ಯೂಬ್ ನೋಡಿ ಕಲಿತ ನಮ್ಮೂರ ಹುಡುಗನ ಗತಿ?

ಸರಿಯಾಗಿ ಮಾಡಿದ್ರೆ ಈ ಕೆಲಸದಲ್ಲಿ ನೋಡೋಕೆ ಏನೂ ಇರಲ್ಲ. ಬಟ್ಟೆ ಚೀಲದ ಬಾಯಿಗೆ ಒಂದು ಪೈಪ್ ಸಿಕ್ಕಿಸಿ ಕೆಳಗಿಡ್ತಾರೆ. ಉದ್ದನೆಯ ಕೊಕ್ಕೆಯಿಂದ ಹಾವನ್ನ ಮೆಲ್ಲಗೆ ತಿರುಗಿಸ್ತಾರೆ. ಕತ್ತಲು ಕಂಡ ಹಾವು ಬಿಲ ಅಂದ್ಕೊಂಡು ತಾನೇ ಒಳಗೆ ಹೋಗುತ್ತೆ. ಗಂಟು ಹಾಕಿದ್ರೆ ಮುಗೀತು. ಬಾಲ ಹಿಡಿದು ಎತ್ತೋದಿಲ್ಲ, ಮುತ್ತಿಡೋದಿಲ್ಲ, ಕೊರಳಿಗೆ ಹಾಕ್ಕೊಳ್ಳೋದಿಲ್ಲ. ಹೋಗೋಕೆ ಮುಂಚೆ ನಿಮ್ಮ ಕಡ್ಡಿ ರಾಶಿ, ಚರಂಡಿ ಬಾಯಿ, ಬಾಗಿಲ ಸಂದು ನೋಡಿ 'ಅಮ್ಮಾ, ಇದನ್ನ ಮುಚ್ಚಿಸಿ, ಇಲ್ಲಾಂದ್ರೆ ಇನ್ನೊಂದು ಬರುತ್ತೆ' ಅಂತಾನಲ್ಲ, ಅವನು ನಿಜವಾದ ಕಸುಬುದಾರ.

ಗ್ರಾಮ ಪಂಚಾಯ್ತಿಗೆ ಒಬ್ಬರಂತೆ ತರಬೇತಿ ಕೊಟ್ಟು, ಕೊಕ್ಕೆ, ಬೂಟು, ಟಾರ್ಚು ಕೊಟ್ಟು, ಕರೆಗೆ ಇಷ್ಟು ಅಂತ ಗೌರವಧನ ನಿಗದಿ ಮಾಡಿ, ವಿಮೆ ಮಾಡಿಸೋಕೆ ಎಷ್ಟು ಕೋಟಿ ಬೇಕು ಮಂತ್ರಿಗಳೇ? ಊರ ಬಾಗಿಲಿಗೆ ಸ್ವಾಗತ ಕಮಾನು ಕಟ್ಟೋಕೆ ದುಡ್ಡು ಹೊಂದಿಸ್ತೀರಲ್ಲ.

ತಪ್ಪು ನಮ್ಮದೂ ಇದೆ. ಹೆಡೆಗೆ ಮುತ್ತಿಡೋ ದೃಶ್ಯವನ್ನ ಹಿನ್ನೆಲೆ ಸಂಗೀತ ಹಾಕಿ, ಸ್ಲೋ ಮೋಷನ್‌ನಲ್ಲಿ ದಿನಕ್ಕೆ ಹತ್ತು ಸಲ ತೋರಿಸಿದವರು ನಾವೇ, ಟಿವಿಯವರು. ಇವತ್ತೂ ಅಂಥದ್ದೇ ಒಂದು ವಿಡಿಯೋ ನಮ್ಮ ಡೆಸ್ಕಿಗೆ ಬಂದಿದೆ. ಇಪ್ಪತ್ತು ದಾಟಿರದ ಹುಡುಗ, ಬರಿಗೈ, ಬರಿಗಾಲು, ಸುತ್ತ ಶಿಳ್ಳೆ. ಅದನ್ನ ಹಾಕಬೇಡಿ ಅಂತ ಹೇಳಿ ಸ್ಟುಡಿಯೋಗೆ ಬಂದಿದ್ದೀನಿ.