ಖಡ್ಗವೂ ಬೇಕು, ಮಂತ್ರವೂ ಬೇಕು: ಮಾಯಾವೀರನನ್ನು ಕಟ್ಟುವ ಬಗೆ

(ಪೊಳಲಿಯಲ್ಲಿ ಯುವಜನರ ಕೂಟವೊಂದರಲ್ಲಿ ನಮ್ಮ ವರದಿಗಾರರು ಆಡಿದ ಮಾತುಗಳ ಬರಹರೂಪ)



ನಮ್ಮ ಕಡೆ 'ಆಟ' ಎಂದರೆ ಎರಡು ಅರ್ಥ. ಮಕ್ಕಳು ಆಡುವುದೂ ಆಟ, ರಾತ್ರಿ ಗದ್ದೆಯಲ್ಲಿ ಚೆಂಡೆ ಬಾರಿಸಿ ಬೆಳಗಿನವರೆಗೆ ಆಡುವ ಯಕ್ಷಗಾನವೂ ಆಟ. ಪೊಳಲಿಯವರಿಗೆ ಮೂರನೆಯದೂ ಒಂದಿದೆ. ಅದು ಜಾತ್ರೆಯ ಕೊನೆಯಲ್ಲಿ ಐದು ದಿನ ನಡೆಯುವ 'ಪುರಲ್ದ ಚೆಂಡು'. ತೊಗಲಿನ ಚೆಂಡಿಗೆ ಮುಗಿಬೀಳುವುದೂ ದೇವಿಯ ಉತ್ಸವದ ಭಾಗವೇ ಆಗಿರುವ ಈ ಊರಿನಲ್ಲಿ, ಆಟವನ್ನು ಹಗುರವಾಗಿ ಕಾಣಬಾರದೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇಂದು ನಾನು ಹೇಳಹೊರಟಿರುವುದು ನಾಲ್ಕನೆಯ ಆಟದ ವಿಷಯ. ಮೇಜಿನ ಸುತ್ತ ಕುಳಿತು ಆಡುವ ಪಾತ್ರಗಳ ಆಟ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 'ಡಂಜನ್ಸ್ ಅಂಡ್ ಡ್ರಾಗನ್ಸ್' ಎಂಬ ಆಟವನ್ನು ಹೊರತಂದರು. ಇದರಲ್ಲಿ ಒಬ್ಬ ಕಥೆ ನಡೆಸುತ್ತಾನೆ. "ಗುಹೆಯ ಒಳಗಿನಿಂದ ಗುಟುರು ಕೇಳಿಸುತ್ತಿದೆ, ಏನು ಮಾಡುತ್ತೀರಿ?" ಎಂದು ಕೇಳುತ್ತಾನೆ. ಉಳಿದವರು ತಮ್ಮ ತಮ್ಮ ಪಾತ್ರವಾಗಿ ಉತ್ತರ ಕೊಡುತ್ತಾರೆ. ಏಟು ತಾಗಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ.

ತಾಳಮದ್ದಳೆ ಕಂಡವರಿಗೆ ಇದು ಹೊಸತೆನಿಸದು. ಅಲ್ಲಿಯೂ ಭಾಗವತರು ಕಥೆ ನಡೆಸುತ್ತಾರೆ, ಅರ್ಥಧಾರಿ ಆಶುವಾಗಿ ಮಾತು ಕಟ್ಟುತ್ತಾನೆ. ಆದರೆ ಒಂದು ವ್ಯತ್ಯಾಸವಿದೆ. ತಾಳಮದ್ದಳೆಯ ಇಂದ್ರಜಿತು ಎಷ್ಟೇ ಚೆನ್ನಾಗಿ ವಾದಿಸಲಿ, ಕೊನೆಗೆ ಲಕ್ಷ್ಮಣನ ಕೈಯಲ್ಲಿ ಸಾಯಲೇಬೇಕು; ಪ್ರಸಂಗ ಅದನ್ನು ನಿಶ್ಚಯಿಸಿದೆ. ಮೇಜಿನ ಆಟದಲ್ಲಿ ಕೊನೆ ಯಾರಿಗೂ ಗೊತ್ತಿಲ್ಲ. ಹಾಗಾಗಿ ಪ್ರಸಂಗ ಹಾಕುವ ಕಡಿವಾಣವನ್ನು ಅಲ್ಲಿ ನಿಯಮಗಳು ಹಾಕಬೇಕು.

ಯಕ್ಷಗಾನದಲ್ಲಿ ಪುಂಡುವೇಷ, ಕಿರೀಟವೇಷ, ಬಣ್ಣದ ವೇಷ ಎಂದು ವರ್ಗಗಳಿರುವಂತೆ ಈ ಆಟದಲ್ಲೂ ಪಾತ್ರಗಳಿಗೆ ವರ್ಗಗಳಿವೆ. ಮೊದಲಿಗೆ ಇದ್ದದ್ದು ಮೂರೇ: ಕಾದಾಳು, ಮಂತ್ರವಾದಿ, ಪುರೋಹಿತ. ಕಾದಾಳುವಿಗೆ ಕವಚ, ಕತ್ತಿ ಎಲ್ಲ ಉಂಟು, ಮಂತ್ರವಿಲ್ಲ. ಮಂತ್ರವಾದಿಗೆ ಮಂತ್ರವುಂಟು, ಆಯುಧವೆಂದರೆ ಬರೇ ಒಂದು ಚೂರಿ. ಆಡುವವರು ಸುಮ್ಮನಿರುತ್ತಾರೆಯೇ? "ನನಗೆ ಎರಡೂ ಬೇಕು" ಎಂಬ ಬೇಡಿಕೆ ಅಂದಿನಿಂದಲೇ ಇದೆ.

1981ರ ಆವೃತ್ತಿ ಇದಕ್ಕೆ ಕಂಡುಕೊಂಡ ಉಪಾಯವನ್ನು ನೋಡಿ. 'ಎಲ್ಫ್' ಎಂಬ ವನವಾಸಿ ಜನಾಂಗದವನಿಗೆ ಎರಡೂ ವಿದ್ಯೆ ಕೊಟ್ಟರು. ಆದರೆ ಎರಡನೆಯ ಮೆಟ್ಟಿಲೇರಲು ಕಾದಾಳುವಿಗೆ 2,000 ಅನುಭವದ ಅಂಕ, ಮಂತ್ರವಾದಿಗೆ 2,500 ಅಂಕ ಸಾಕಾದರೆ ಇವನಿಗೆ 4,000 ಬೇಕು. ಎರಡು ವಿದ್ಯೆ ಕಲಿಯುವವನು ನಿಧಾನವಾಗಿ ಬೆಳೆಯುತ್ತಾನೆ ಎಂಬುದು ನ್ಯಾಯವೇ. ಆದರೆ ಕಾಯುವುದು ಅಂಥ ದೊಡ್ಡ ಬೆಲೆಯಲ್ಲ. ಯುದ್ಧದ ನಡುವೆ ಅವನಿಗೆ ಯಾವ ಇಕ್ಕಟ್ಟೂ ಬರುವುದಿಲ್ಲ. ನಾಲ್ವರು ಕುಳಿತಲ್ಲಿ ಒಬ್ಬನೇ ಎಲ್ಲವನ್ನೂ ಮಾಡಿಬಿಟ್ಟರೆ ಉಳಿದ ಮೂವರಿಗೆ ಕೆಲಸವೇನು? ಅವರು ಮುಂದಿನ ವಾರ ಬರುವುದಿಲ್ಲ. ಕೂಟ ಒಡೆಯುತ್ತದೆ.

ನಮ್ಮ ಪುರಾಣಗಳಲ್ಲಿ ಖಡ್ಗ ಮತ್ತು ಮಂತ್ರ ಬೇರೆ ಬೇರೆಯಾಗಿಯೇ ಇರಲಿಲ್ಲ. ಅಸ್ತ್ರವೆಂದರೆ ಮಂತ್ರಿಸಿದ ಬಾಣ. ಅರ್ಜುನ, ಕರ್ಣ, ಇಂದ್ರಜಿತು ಎಲ್ಲರೂ ಮಂತ್ರ ಬಲ್ಲ ವೀರರೇ. ಆದರೂ ಯಾರೊಬ್ಬನೂ ಕಥೆಯನ್ನು ಪೂರ್ತಿ ನುಂಗಲಿಲ್ಲ. ಪ್ರತಿಯೊಂದು ಶಕ್ತಿಗೂ ಅಲ್ಲಿ ಒಂದು ತಡೆಯಿದೆ.

ಇಂದ್ರಜಿತುವನ್ನೇ ನೋಡಿ. ಕಣ್ಣಿಗೆ ಕಾಣದೆ ಮರೆಯಲ್ಲಿ ನಿಂತು ಬಾಣ ಬಿಡಬಲ್ಲ, ಮಾಯಾಸೀತೆಯನ್ನು ಸೃಷ್ಟಿಸಿ ಕಪಿಸೇನೆಯನ್ನೇ ಕಂಗೆಡಿಸಬಲ್ಲ. ಆದರೆ ಅಜೇಯನಾಗಬೇಕಾದರೆ ನಿಕುಂಭಿಲೆಯಲ್ಲಿ ಯಾಗ ಪೂರ್ಣವಾಗಬೇಕು. ವಿಭೀಷಣ ಗುಟ್ಟು ಹೇಳಿದ, ಲಕ್ಷ್ಮಣ ಯಾಗ ಕೆಡಿಸಿದ. ಇಲ್ಲಿ ತಡೆ ಇರುವುದು ಸ್ಥಳದಲ್ಲಿ ಮತ್ತು ಸಮಯದಲ್ಲಿ.

ಕರ್ಣನಿಗೆ ಇಂದ್ರ ಕೊಟ್ಟ ಶಕ್ತ್ಯಾಯುಧ ಒಂದೇ ಬಾರಿಗೆ. ಅರ್ಜುನನಿಗೆಂದು ಕಾದಿರಿಸಿದ್ದನ್ನು ಆ ರಾತ್ರಿ ಘಟೋತ್ಕಚನ ಮೇಲೆ ಕಳೆಯಬೇಕಾಯಿತು. ಸುಳ್ಳು ಹೇಳಿ ಕಲಿತ ಬ್ರಹ್ಮಾಸ್ತ್ರದ ಮಂತ್ರವೋ, ಬೇಕಾದ ಹೊತ್ತಿಗೆ ಮರೆತುಹೋಗಲೆಂದು ಪರಶುರಾಮರ ಶಾಪವಿದೆ. ಅಶ್ವತ್ಥಾಮನ ಕೊರತೆ ಇನ್ನೂ ಸೂಕ್ಷ್ಮ. ಅಸ್ತ್ರ ಬಿಡುವುದು ಅವನಿಗೆ ಗೊತ್ತು, ಹಿಂದೆ ತೆಗೆದುಕೊಳ್ಳುವುದು ಗೊತ್ತಿಲ್ಲ. ಅರ್ಜುನನಿಗೆ ಎರಡೂ ಗೊತ್ತಿತ್ತು. ಇಬ್ಬರ ಅಂತರ ಬಲದ್ದಲ್ಲ, ಸಂಯಮದ್ದು.

ಇನ್ನು ರಕ್ತಬೀಜ. 'ದೇವೀ ಮಹಾತ್ಮೆ' ಆಟದಲ್ಲಿ ಮಹಿಷಾಸುರ ದೊಂದಿಯ ಬೆಳಕಿನಲ್ಲಿ ಜನರ ನಡುವಿನಿಂದ ಅಬ್ಬರಿಸುತ್ತ ಬಂದರೆ, ರಕ್ತಬೀಜ ಮಾತಿನಲ್ಲಿ ಗಟ್ಟಿಗನಾದ ಕಿರೀಟವೇಷ. ಅವನ ಒಂದೊಂದು ತೊಟ್ಟು ನೆತ್ತರಿನಿಂದಲೂ ಅವನಂಥವನೇ ಮತ್ತೊಬ್ಬ ಏಳುತ್ತಾನೆ. ಇನ್ನೂ ಜೋರಾಗಿ ಹೊಡೆದರೆ ಸೋಲುವವನಲ್ಲ, ಹೊಡೆದಷ್ಟೂ ಹೆಚ್ಚುವವನು. ದೇವಿ ಹೊಡೆಯಬೇಕು, ನೆತ್ತರು ನೆಲಕ್ಕೆ ಬೀಳದಂತೆ ಕಾಳಿ ಕುಡಿಯಬೇಕು. ಇಂಥ ಎದುರಾಳಿಯಿದ್ದರೆ ಇಬ್ಬರು ಕೂಡಿ ಕೆಲಸ ಮಾಡಲೇಬೇಕು.

ಈ ಪಾಠಗಳನ್ನು ಹಿಡಿದು ನಾವೇ ಒಂದು ವರ್ಗ ಕಟ್ಟೋಣ. ಹೆಸರು 'ಮಾಯಾವೀರ' ಎಂದಿರಲಿ. ಕಾದಾಳುವಿನ ದೇಹಬಲ 30, ಮಂತ್ರವಾದಿಯದು 15 ಆದರೆ ಇವನದು 20. ಮರೆಯಾಗುವ ವಿದ್ಯೆ ಇವನಿಗೆ ಗೊತ್ತು. ಆದರೆ ಅದಕ್ಕಾಗಿ ಮೂರು ಸರದಿ ಒಂದೇ ಕಡೆ ಕುಳಿತು ಜಪಿಸಬೇಕು. ಆ ಹೊತ್ತಿನಲ್ಲಿ ಕತ್ತಿ ಮುಟ್ಟುವಂತಿಲ್ಲ; ಒಂದೇ ಒಂದು ಏಟು ತಾಗಿದರೂ ಜಪ ಕೆಡುತ್ತದೆ. ಪೂರ್ಣವಾದರೆ ಐದು ಸರದಿ ಅವನು ಯಾರ ಕಣ್ಣಿಗೂ ಕಾಣ.

ಆ ಮೂರು ಸರದಿಗಳಲ್ಲಿ ಮೇಜಿನ ಸುತ್ತ ಏನಾಗುತ್ತದೆ ಎಂದು ಊಹಿಸಿ. ಕಾದಾಳು ಅಡ್ಡ ನಿಂತು ಅವನನ್ನು ಕಾಯಬೇಕು. ಪುರೋಹಿತ ಕಾದಾಳುವಿನ ಗಾಯಕ್ಕೆ ಮದ್ದು ಮಾಡಬೇಕು. ಮಂತ್ರವಾದಿ ದೂರದ ವೈರಿಯನ್ನು ತಡೆಯಬೇಕು. ಒಬ್ಬನ ತಡೆ ಉಳಿದ ಮೂವರಿಗೆ ಕೆಲಸವಾಯಿತು. ಅಂಕ ಹೆಚ್ಚು ಕಡಿಮೆ ಮಾಡಿದರೆ ಮಾತ್ರ ಸಮತೋಲ ಬರುವುದಿಲ್ಲ. ಪರಸ್ಪರ ಬೇಕಾಗುವಂತೆ ಮಾಡಿದಾಗ ಬರುತ್ತದೆ.

ಹಿರಿಯರಿಗೆ ಒಂದು ಅಳುಕು ಇರಬಹುದು: ನಾವು ಕೈಮುಗಿಯುವ ಕಥೆಯನ್ನು ಹುಡುಗರು ದಾಳಕ್ಕೆ ಹಾಕಬಹುದೇ? ಈ ಅಳುಕು ತಳ್ಳಿಹಾಕುವಂಥದ್ದಲ್ಲ. ದೇವಿಯ ಮಹಿಮೆ ಕೇಳಿದ ಸುರಥ ರಾಜನೇ ಇಲ್ಲಿನ ಮಣ್ಣಿನ ಮೂರ್ತಿಯನ್ನು ಪ್ರತಿಷ್ಠಾಪಿಸಿದನೆಂದು ಸ್ಥಳಪುರಾಣ ಹೇಳುತ್ತದೆ. ಇಲ್ಲಿಯವರಿಗೆ ಅದು ಬರಿಯ ಕಥೆಯಲ್ಲ. ಯಕ್ಷಗಾನದವರು ಅಸುರನ ವೇಷ ಕಟ್ಟುತ್ತಾರೆ ನಿಜ, ಆದರೆ ಚೌಕಿಯಲ್ಲಿ ಪೂಜೆಯಾಗದೆ ರಂಗಕ್ಕೆ ಬರುವುದಿಲ್ಲ. ಆದುದರಿಂದ ನನ್ನ ಸಲಹೆ ಇಷ್ಟೇ. ದೇವಿಗೆ ಅಂಕ ಹಾಕುವುದು ಬೇಡ. ಹೆಸರುಗಳನ್ನು ಬಿಡಿ, ಅವುಗಳ ಒಳಗಿನ ನ್ಯಾಯವನ್ನು ತೆಗೆದುಕೊಳ್ಳಿ. ಎಲ್ಫ್‌ನ ತಲೆಗೆ ಕೇದಗೆ ಮುಂದಲೆ ಕಟ್ಟಿದ ಮಾತ್ರಕ್ಕೆ ಅದು ನಮ್ಮ ಆಟವಾಗುವುದಿಲ್ಲ. ವರವಿದ್ದಲ್ಲಿ ತಡೆಯೂ ಇರಬೇಕೆಂಬ ನಿಯಮ ಅದರೊಳಗೆ ಬಂದರೆ, ಹೆಸರು ಯಾವುದೇ ಇರಲಿ, ಅದು ಈ ಮಣ್ಣಿನದೇ ಆಗುತ್ತದೆ.

ಹೊಸ ಪಾತ್ರ ಕಟ್ಟಲು ಕುಳಿತಾಗ ಹಾಳೆಯ ಮೇಲೆ ಮೊದಲು ಅವನ ಶಕ್ತಿಗಳನ್ನು ಬರೆಯಬೇಡಿ. ಅವನಿಗೆ ಯಾವಾಗ, ಎಲ್ಲಿ, ಯಾರ ಸಹಾಯ ಬೇಕಾಗುತ್ತದೆ ಎಂದು ಬರೆಯಿರಿ. ಶಕ್ತಿಗಳನ್ನು ಆಮೇಲೆ ಸೇರಿಸಿದರಾಯಿತು.