ಹಳೆಯ ವಿಂಡೋಸಿಗೆ ತಕ್ಕ ಯಂತ್ರ



ಯೂನಿಕೋಡ್ ನಮ್ಮಲ್ಲಿ ನೆಲೆಗೊಳ್ಳುವುದಕ್ಕೆ ಮುನ್ನ ನುಡಿ, ಬರಹ, ಶ್ರೀಲಿಪಿಗಳಂಥ ತಂತ್ರಾಂಶಗಳಲ್ಲಿ ಟಂಕಿತವಾಗಿ ಪೇಜ್‌ಮೇಕರಿನಲ್ಲಿ ವಿನ್ಯಾಸಗೊಂಡ ಕನ್ನಡ ಗ್ರಂಥಗಳ ಕಡತಗಳು ಇಂದಿಗೂ ಅನೇಕ ಮುದ್ರಣಾಲಯಗಳಲ್ಲಿಯೂ ಲೇಖಕರ ಮನೆಗಳಲ್ಲಿಯೂ ಉಳಿದಿರುವುದರಿಂದ, ಅವನ್ನು ಮೂಲರೂಪದಲ್ಲಿಯೇ ತೆರೆದು ನೋಡಬೇಕೆಂಬ ಆಸ್ಥೆಯುಳ್ಳವರಿಗೆ ವಿಂಡೋಸ್ 95 ಅಥವಾ 98ನ್ನು ಮತ್ತೆ ನಡೆಸುವುದು ಕೇವಲ ಕುತೂಹಲದ ವಿಷಯವಲ್ಲ. ಅಂದಿನ ಯಂತ್ರಗಳು ಶಿಥಿಲವಾಗಿರುವಲ್ಲಿ ಅದಕ್ಕೆ ಉಳಿದ ಆಶ್ರಯವೆಂದರೆ ವರ್ಚುವಲ್ ಮೆಷಿನ್. ಪ್ರೊಸೆಸರ್, ಮೆಮೊರಿ, ಹಾರ್ಡ್ ಡಿಸ್ಕುಗಳುಳ್ಳ ಪೂರ್ಣ ಗಣಕವೊಂದು ಇದೆಯೆಂಬ ಪ್ರತೀತಿಯನ್ನು ಒಳಗಿನ ವ್ಯವಸ್ಥೆಗೆ ಉಂಟುಮಾಡತಕ್ಕ ತಂತ್ರಾಂಶವದು.

ಹೀಗೆ ಸ್ಥಾಪಿಸಿದ ವಿಂಡೋಸ್ 95 ಏಳುತ್ತೇಳುತ್ತಲೇ ಎನ್‌ಡಿಐಎಸ್ ಎಂಬ ಜಾಲಘಟಕದ ಹೆಸರನ್ನೂ ‘ವಿಂಡೋಸ್ ಪ್ರೊಟೆಕ್ಷನ್ ಎರರ್’ ಎಂಬ ಸೂಚನೆಯನ್ನೂ ತೋರಿ ಸ್ತಬ್ಧವಾದರೆ, ಸಿ.ಡಿ. ಕೆಟ್ಟಿದೆಯೆಂದು ಬಗೆದು ಮರಳಿ ಮರಳಿ ಮೊದಲಿನಿಂದ ಸ್ಥಾಪಿಸುವವರುಂಟು; ಆ ಶ್ರಮವೆಲ್ಲ ವ್ಯರ್ಥ. ಆ ಘಟಕವು ಯಂತ್ರದ ವೇಗವನ್ನು ಅರಿಯಲೆಂದು ಒಂದು ಎಣಿಕೆಯನ್ನು ನಿಯಮಿತ ಸಲ ಆವರ್ತಿಸಿ, ಅದಕ್ಕೆ ತಗುಲಿದ ಕಾಲದಿಂದ ಭಾಗಿಸುತ್ತದೆ; 2.1 ಗಿಗಾಹರ್ಟ್ಸ್‌ಗೆ ಮೀರಿದ ಪ್ರೊಸೆಸರಿನಲ್ಲಿ ಆ ಆವರ್ತನೆ ಎಷ್ಟು ಶೀಘ್ರವಾಗಿ ಮುಗಿಯುವುದೆಂದರೆ, ತಗುಲಿದ ಕಾಲ ಸೊನ್ನೆಯೆಂದೇ ಗಣಿತವಾಗಿ, ಸೊನ್ನೆಯಿಂದ ಭಾಗಿಸುವ ಅಸಾಧ್ಯ ಕಾರ್ಯದಲ್ಲಿ ವ್ಯವಸ್ಥೆ ಸಿಲುಕಿಬೀಳುತ್ತದೆ. ಇದೇ ಜಾತಿಯ ದೋಷ ಹಿಂದೊಮ್ಮೆ 350 ಮೆಗಾಹರ್ಟ್ಸ್‌ನ ಎಎಂಡಿ ಕೆ6-2 ಪ್ರೊಸೆಸರಿನಲ್ಲಿಯೂ ಕಂಡಿತ್ತು. ಎಣಿಕೆಯನ್ನು ಸರಿಪಡಿಸುವ ತಿದ್ದುಪಡಿಯನ್ನು ಹಾಕುವುದೇ ಇದಕ್ಕೆ ಪರಿಹಾರ.

ವಿಂಡೋಸ್ 98ರಲ್ಲಿ ಇನ್ನೂ ವಿಚಿತ್ರವಾದುದೊಂದುಂಟು. ಅದಕ್ಕೆ 1 ಗಿಗಾಬೈಟ್ ಮೆಮೊರಿಯನ್ನು ಕೊಟ್ಟರೆ, ಮೆಮೊರಿ ಸಾಲದೆಂದು ಅದು ದೂರಬಹುದು! ಡಿಸ್ಕಿನಿಂದ ಓದಿದುದನ್ನು ತಾತ್ಕಾಲಿಕವಾಗಿ ಇರಿಸಿಕೊಳ್ಳುವ ವಿಕ್ಯಾಶ್ ಎಂಬ ಭಾಗ, ಇರುವ ಮೆಮೊರಿಗೆ ಅನುಗುಣವಾಗಿ ವಿಳಾಸಗಳನ್ನು ಮುಂಚಿತವಾಗಿಯೇ ಕಾದಿರಿಸಿಕೊಳ್ಳುವುದರಿಂದ, ಇತರ ಭಾಗಗಳಿಗೆ ವಿಳಾಸಗಳೇ ಸಾಲದಾಗುತ್ತವೆ. 512 ಮೆಗಾಬೈಟ್ ಮೀರಬಾರದು. 256 ಇದ್ದರೆ ಧಾರಾಳವಾಯಿತು. ಹೆಚ್ಚು ಬೇಕೇ ಬೇಕೆಂಬವರು ಸಿಸ್ಟಂ.ಐಎನ್‌ಐ ಕಡತದಲ್ಲಿ ಮ್ಯಾಕ್ಸ್‌ಫೈಲ್‌ಕ್ಯಾಶ್ ಎಂಬ ಮಿತಿಯನ್ನು ಬರೆಯತಕ್ಕದ್ದು.

ಈ ಎರಡು ನಿದರ್ಶನಗಳನ್ನು ಕಂಡ ಬಳಿಕ ನನ್ನ ದೃಢಾಭಿಪ್ರಾಯವಿಷ್ಟು: ಹಳೆಯ ವ್ಯವಸ್ಥೆ ಮುಗ್ಗರಿಸಿದಾಗ ಅದು ಜೀರ್ಣವಾಯಿತೆಂದು ನಿರ್ಣಯಿಸದೆ, ನಾವು ಕೊಟ್ಟ ಯಂತ್ರ ಅದರ ನಿರ್ಮಾಪಕರ ಕಲ್ಪನೆಗೆ ನಿಲುಕುವಂಥದೇ ಎಂಬುದನ್ನು ಮೊದಲು ವಿಚಾರಿಸಬೇಕು. ಒಂದೇ ಪ್ರೊಸೆಸರ್, ಐಡಿಇ ಡಿಸ್ಕ್, ಮಿತವಾದ ಮೆಮೊರಿ ಇವೇ ಅದಕ್ಕೆ ಹಿತ. ವಿಂಡೋಸ್ 95 ಸುಮ್ಮನಿರುವಾಗಲೂ ಆತಿಥೇಯ ಗಣಕದ ಪ್ರೊಸೆಸರ್ ಬಿಸಿಯೇರುವುದನ್ನು ಕಂಡು ಗಾಬರಿಪಡಬೇಕಾಗಿಲ್ಲ. ಕೆಲಸವಿಲ್ಲದಾಗ ಪ್ರೊಸೆಸರನ್ನು ವಿಶ್ರಮಿಸಗೊಡುವ ಆಜ್ಞೆಯನ್ನು ಅದು ಪ್ರಯೋಗಿಸುವುದೇ ಇಲ್ಲ. ಪ್ರತಿಯೊಂದು ಬದಲಾವಣೆಗೂ ಮುನ್ನ ಸ್ನ್ಯಾಪ್‌ಶಾಟ್, ಎಂದರೆ ಯಂತ್ರದ ಆ ಕ್ಷಣದ ಸ್ಥಿತಿಯ ಪ್ರತಿ, ತೆಗೆದಿರಿಸಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿದಲ್ಲಿ ಯಾವುದರಿಂದ ಗುಣವಾಯಿತೆಂಬುದು ಸ್ಪಷ್ಟವಾಗುತ್ತದೆ.

ಕಡೆಯದಾಗಿ ಒಂದು ವಿಜ್ಞಾಪನೆ. ವಿಂಡೋಸ್ 98ಕ್ಕೆ ಮೈಕ್ರೋಸಾಫ್ಟಿನ ಸುರಕ್ಷಾ ತಿದ್ದುಪಡಿಗಳು 2006ರ ಜುಲೈ 11ರಂದೇ ನಿಂತುವು; ಆದುದರಿಂದ ಕಡತಗಳನ್ನು ಸಿ.ಡಿ. ಇಮೇಜಿನ ಮೂಲಕ ಒಳಕ್ಕೆ ಕೊಡಿರಿ, ಅಂತರಜಾಲದ ಸಂಪರ್ಕವನ್ನು ಮಾತ್ರ ಅದಕ್ಕೆ ಕೊಡಬೇಡಿರಿ.