ತೂತಿನ ಕಾಸು

ಹಳಿಯಾಳದ ನಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ 1943ರ ತೂತಿನ ಕಾಸೊಂದಿದೆ. ಯುದ್ಧಕಾಲದಲ್ಲಿ ಲೋಹ ಉಳಿಸಲೆಂದು ಸರ್ಕಾರ ಕಾಸಿನ ನಡುವನ್ನೇ ತೆಗೆದಿತ್ತು. ಅದಕ್ಕೂ ಮೊದಲು, 1940ರಲ್ಲಿ, ರೂಪಾಯಿಯ ಬೆಳ್ಳಿ ಅರ್ಧಕ್ಕಿಳಿದಿತ್ತು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಹಳಿಯಾಳ, ಮುಂಡಗೋಡ, ಸೂಪಾ ಸೀಮೆಗಳ ಸಂತೆಯಲ್ಲಿಯೂ ನಡೆಯಬೇಕಾದದ್ದು ಇದೇ ಹಣ.

ಕೇಳುಗರೇ, ಇದರ ಮೂಲ ಲಂಡನ್ನಿನ ಲೆಕ್ಕದಲ್ಲಿತ್ತು. ಬ್ರಿಟನ್ ಇಲ್ಲಿಂದ ಸರಕು ಪಡೆದು, ಬೆಲೆಯನ್ನು ಪೌಂಡಿನ ಬಾಕಿಯಾಗಿ ಬರೆದಿಟ್ಟಿತು. ಆ ಬಾಕಿಯ ಆಧಾರದ ಮೇಲೆ ರಿಸರ್ವ್ ಬ್ಯಾಂಕು ಇಲ್ಲಿ ನೋಟು ಹೊರಡಿಸಿತು. ನೋಟು ಹೆಚ್ಚಿತು, ಸರಕು ಕುಗ್ಗಿತು, ಬೆಲೆ ಏರಿತು. ಸಾಲ ಕೊಟ್ಟ ದೇಶದ ಬಡವನೇ ಬಡ್ಡಿ ತೆತ್ತಂತಾಯಿತು.

1944ರ ಜುಲೈನಲ್ಲಿ ಜಗತ್ತಿನ ಹಣದ ವ್ಯವಸ್ಥೆಯನ್ನು ತಿದ್ದಲೆಂದು 44 ರಾಷ್ಟ್ರಗಳು ಅಮೆರಿಕದ ಬ್ರೆಟನ್ ವುಡ್ಸ್‌ನಲ್ಲಿ ಸೇರಿದವು. ಚಿಂತಾಮಣಿ ದೇಶಮುಖ, ಷಣ್ಮುಖಂ ಚೆಟ್ಟಿ, ಎ. ಡಿ. ಶ್ರಾಫ್ ಭಾರತದ ನಿಯೋಗದಲ್ಲಿದ್ದರು. ಬಾಕಿಯ ಒಂದು ಪಾಲನ್ನಾದರೂ ಅನ್ಯ ನಾಣ್ಯಕ್ಕೆ ಬದಲಾಯಿಸಿಕೊಳ್ಳುವ ದಾರಿ ಬೇಕೆಂದು ನಿಯೋಗ ಕೇಳಿತು. ಅದು ಬ್ರಿಟನ್ನಿಗೂ ಭಾರತಕ್ಕೂ ಸಂಬಂಧಿಸಿದ ವಿಷಯವೆಂದು ಬ್ರಿಟನ್ನಿನ ಪರವಾಗಿ ಕೇನ್ಸ್ ಉತ್ತರಿಸಿದರು. ಅಂತರರಾಷ್ಟ್ರೀಯ ಹಣಕಾಸು ನಿಧಿಗೆ, ವಿಶ್ವ ಬ್ಯಾಂಕಿಗೆ ಅಲ್ಲಿ ಅಡಿಪಾಯ ಬಿದ್ದಿತು. ನಮ್ಮ ಪ್ರಶ್ನೆ ಹೊರಗುಳಿಯಿತು.

ಹಣದ ಸುಧಾರಣೆಗಾಗಿ ಇಂದಿಗೂ ಸಭೆಗಳು ಸೇರುತ್ತವೆ. ಅವುಗಳ ತೀರ್ಮಾನವನ್ನು ಅಳೆಯಲು ನನ್ನಲ್ಲಿರುವ ಮಾನ ಒಂದೇ. ಸೂಪಾ ಸೀಮೆಯ, ಇಂದಿನ ಜೋಯಿಡಾದ, ಕುಣಬಿ ಹೆಂಗಸು ಗೆಡ್ಡೆಗೆಣಸು ಮಾರಿ ಸೆರಗಿನಲ್ಲಿ ಗಂಟು ಹಾಕಿಕೊಂಡ ನೋಟು ಮುಂದಿನ ಸಂತೆಯಲ್ಲಿಯೂ ಅಷ್ಟೇ ಬಾಳುವುದೇ? ಬಾಳದಿದ್ದರೆ, ಕಾಸಿನ ತೂತು ಇನ್ನೂ ಮುಚ್ಚಿಲ್ಲ.